ಕನಸಿನ ಗಣರಾಜ್ಯ: ಇಂಡೋನೇಷ್ಯಾದ ಟಿವಿ ವಿಡಂಬನೆಯ ಪೂರ್ವಾಪರ

2006-07ರ ಸುಮಾರಿಗೆ ಇಂಡೋನೇಷ್ಯಾದ ಮೆಟ್ರೋ ಟಿವಿ ಎಂಬ ಖಾಸಗಿ ಸುದ್ದಿವಾಹಿನಿಯಲ್ಲಿ 'ನ್ಯೂಸ್ ಡಾಟ್ ಕಾಮ್' ಎಂಬ ವಿಡಂಬನಾ ಕಾರ್ಯಕ್ರಮವೊಂದು ಪ್ರಸಾರವಾಗುತ್ತಿತ್ತು. ಅದರಲ್ಲಿ ನಡೆಯುವುದೆಲ್ಲ ಇಂಡೋನೇಷ್ಯಾದ ಸಂಗತಿಯಲ್ಲ, ಪಕ್ಕದ ದೇಶವಾದ 'ರಿಪಬ್ಲಿಕ್ ಮಿಂಪಿ'ಯ ಸಂಗತಿ ಎಂಬುದು ಕಾರ್ಯಕ್ರಮದ ಮೂಲ ಕಲ್ಪನೆ. ಮಿಂಪಿ ಎಂದರೆ ಕನಸು. ಈ ಕನಸಿನ ಗಣರಾಜ್ಯಕ್ಕೆ ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಸಲಹೆಗಾರರು ಹಾಗೂ ಮಾಜಿ ಅಧ್ಯಕ್ಷರ ಒಂದು ಸಾಲೇ ಇದ್ದು, ಅವರೆಲ್ಲರ ಹೆಸರು, ವೇಷ, ಮಾತಿನ ಧಾಟಿಗಳು ಜಕಾರ್ತದ ಅರಮನೆಯಲ್ಲಿ ಇದ್ದವರನ್ನೂ ಇದ್ದು ಹೋದವರನ್ನೂ ನೇರವಾಗಿ ನೆನಪಿಸುತ್ತಿದ್ದವು. ಪಾಶ್ಚಾತ್ಯ ಟಿವಿಯಿಂದ ಎರವಲು ತಂದ ಹೊಸ ವಿನೋದವೆಂದು ಇದನ್ನು ನೋಡುವುದು ಸುಲಭವಾದರೂ, ಇಲ್ಲದ ರಾಜ್ಯವೊಂದನ್ನು ಕಟ್ಟಿ ಇರುವ ರಾಜ್ಯವನ್ನು ಆಡಿಕೊಳ್ಳುವ ಪದ್ಧತಿ ಜಾವಾ ದ್ವೀಪದಲ್ಲಿ ಬಹು ಹಳೆಯದು. ಟಿವಿಯಲ್ಲಿ ಅದು ತಲೆಯೆತ್ತಲು ಸಾಧ್ಯವಾದದ್ದು ಮಾತ್ರ 1998ರ ನಂತರದ ಕಾನೂನು ಬದಲಾವಣೆಗಳಿಂದ. ಈ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ನೋಡಿದಾಗಲೇ ಆ ಕಾರ್ಯಕ್ರಮದ ಚರಿತ್ರೆ ಅರ್ಥವಾಗುತ್ತದೆ.

ಟಿವಿ ವಾರ್ತೆಯ ಅಣಕು ಎಂಬ ಪ್ರಕಾರವು ಬೇರೆ ದೇಶಗಳಲ್ಲಿ ಇದಕ್ಕಿಂತ ಮೊದಲೇ ಬೇರೂರಿತ್ತು. ಬ್ರಿಟನ್ನಿನ ಬಿಬಿಸಿಯಲ್ಲಿ 1962ರ ನವೆಂಬರಿನಲ್ಲಿ ಆರಂಭವಾದ 'ದಟ್ ವಾಸ್ ದ ವೀಕ್ ದಟ್ ವಾಸ್' ವಾರದ ಸುದ್ದಿಯನ್ನು ಹಾಡು ಮತ್ತು ಪ್ರಹಸನಗಳಾಗಿ ತಿರುಗಿಸಿ, ಮುಂದಿನದು ಚುನಾವಣೆಯ ವರ್ಷವೆಂಬ ಕಾರಣವನ್ನು ಮುಂದೆ ಮಾಡಿದ ಸಂಸ್ಥೆಯ ನಿರ್ಧಾರದಿಂದ 1963ರ ಕೊನೆಗೆ ನಿಂತಿತು. ಫ್ರಾನ್ಸಿನಲ್ಲಿ 1988ರಿಂದ ಮೂರು ದಶಕ ನಡೆದ 'ಲೆ ಗಿನ್ಯೋಲ್' ರಬ್ಬರ್ ಬೊಂಬೆಗಳಿಂದ ವಾರ್ತೆ ಓದಿಸಿತು. ರಷ್ಯಾದಲ್ಲಿ 1994ರಲ್ಲಿ ಹುಟ್ಟಿದ 'ಕೂಕ್ಲಿ' ಎಂಬ ಬೊಂಬೆಯಾಟವು ಮರುವರ್ಷವೇ ಸರ್ಕಾರಿ ಅಭಿಯೋಜಕರ ತನಿಖೆಗೆ ಗುರಿಯಾಯಿತು. ಇವುಗಳ ವಿಡಂಬನೆಯ ನೆಲ ಆಯಾ ದೇಶವೇ ಆಗಿತ್ತು, ಆಳುವವರ ಹೆಸರುಗಳೂ ಬಹುಮಟ್ಟಿಗೆ ಇದ್ದಂತೆಯೇ ಇದ್ದವು. ಇಂಡೋನೇಷ್ಯಾದವರು ಮಾತ್ರ ಪಕ್ಕದಲ್ಲೊಂದು ದೇಶವನ್ನೇ ಸೃಷ್ಟಿಸಿಕೊಂಡರು.

ಈ ಒಲವಿನ ಮೂಲ ಜಾವಾದ ತೊಗಲುಗೊಂಬೆಯಾಟವಾದ ವಾಯಾಂಗ್ ಕುಲಿತ್‌ನಲ್ಲಿದೆ. ರಾತ್ರಿ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುವ ಈ ಆಟದಲ್ಲಿ ದಾಲಂಗ್ ಎಂದು ಕರೆಯಲಾಗುವ ಸೂತ್ರಧಾರ ಒಬ್ಬನೇ ಎಲ್ಲ ಗೊಂಬೆಗಳನ್ನು ಆಡಿಸಿ, ಎಲ್ಲ ಪಾತ್ರಗಳಿಗೂ ದನಿ ಕೊಟ್ಟು, ಗಾಮೆಲಾನ್ ಎಂಬ ವಾದ್ಯಮೇಳವನ್ನೂ ನಡೆಸುತ್ತಾನೆ. ಕಥೆಗಳು ಹೆಚ್ಚಾಗಿ ಮಹಾಭಾರತ, ರಾಮಾಯಣಗಳವು. ಆದರೆ ನಡುರಾತ್ರಿ ದಾಟಿದ ಮೇಲೆ ಬರುವ 'ಗೊರೊ-ಗೊರೊ' ಎಂಬ ಭಾಗದಲ್ಲಿ ವ್ಯಾಸ ವಾಲ್ಮೀಕಿಯರು ಕಾಣದ ನಾಲ್ವರು ಪರದೆಯನ್ನು ಆಕ್ರಮಿಸುತ್ತಾರೆ. ಇವರು ಪುನಕಾವಾನ್ ಎಂಬ ಸೇವಕ ವಿದೂಷಕರು: ದೊಡ್ಡ ಹೊಟ್ಟೆಯ ಮುದುಕ ಸೆಮಾರ್, ಅವನ ಮಕ್ಕಳಾದ ಗಾರೆಂಗ್, ಪೆತ್ರುಕ್ ಮತ್ತು ಬಾಗೊಂಗ್. ರಾಜಕುಮಾರರು ಘನವಾದ ಭಾಷೆಯಲ್ಲಿ ಮಾತಾಡುವಾಗ ಇವರು ಆಡುಮಾತಿನಲ್ಲಿ ಅಕ್ಕಿಯ ಬೆಲೆ, ಹಳ್ಳಿಯ ಮುಖಂಡನ ದರ್ಪ, ನಿನ್ನೆ ಮೊನ್ನೆಯ ಸುದ್ದಿ ಎಲ್ಲವನ್ನೂ ಹರಟುತ್ತಾರೆ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕರು ಪುರಾಣದ ಕಥೆಯೊಳಕ್ಕೆ ಊರಿನ ಮಾತನ್ನು ತರುವುದನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ವ್ಯತ್ಯಾಸವಿರುವುದು ಸೆಮಾರನ ಸ್ಥಾನದಲ್ಲಿ. ಜಾವಾದವರ ನಂಬಿಕೆಯಲ್ಲಿ ಅವನು ಆಳಿನ ವೇಷದಲ್ಲಿರುವ ದೇವತೆ, ದೇವತೆಗಳ ಒಡೆಯನಾದ ಬತಾರ ಗುರುವಿಗೂ ಅಣ್ಣ. ಆದುದರಿಂದ ಆಳಿನ ಬಾಯಿಂದ ಬಂದ ಟೀಕೆಯನ್ನು ಅರಸನೂ ತಳ್ಳಿಹಾಕುವಂತಿಲ್ಲ.

ವಾಯಾಂಗ್ ಪ್ರಸಂಗಗಳಲ್ಲಿ ಮೂಲಕಥೆಗೆ ಬದ್ಧವಾದವುಗಳ ಜೊತೆಗೆ 'ಚರಾಂಗಾನ್' ಎಂಬ ಇನ್ನೊಂದು ಬಗೆಯಿದೆ. ಮೂಲಕಥೆಯಿಂದ ರೆಂಬೆಯಂತೆ ಒಡೆದ, ಸ್ಥಳೀಯವಾಗಿ ಕಲ್ಪಿಸಿದ ಕಥೆಗಳಿಗೆ ಈ ಹೆಸರು. ಅಂಥವುಗಳಲ್ಲಿ ಪ್ರಸಿದ್ಧವಾದುದು 'ಪೆತ್ರುಕ್ ದಾದಿ ರಾತು', ಅಂದರೆ ಪೆತ್ರುಕ್ ಅರಸನಾದ ಕಥೆ. ಪಾಂಡವರ ರಾಜ್ಯಕ್ಕೆ ರಕ್ಷೆಯಾದ ಕಲಿಮಸಾದ ಎಂಬ ಪವಿತ್ರ ವಸ್ತು ಕಳವಾಗಿ, ಕೈಯಿಂದ ಕೈಗೆ ಸಾಗಿ, ಉದ್ದ ಮೂಗಿನ ಸೇವಕ ಪೆತ್ರುಕನ ವಶಕ್ಕೆ ಬರುತ್ತದೆ. ಅದರ ಬಲದಿಂದ ಅವನು ವೆಲ್ಗೆದುವೆಲ್ಬೆಹ್ ಎಂಬ, ಉಚ್ಚರಿಸಿದರೇ ನಗು ಬರುವ ಬಿರುದು ಹೊತ್ತು ಸಿಂಹಾಸನವೇರುತ್ತಾನೆ; ಮದಿಸಿದ ಅರಸರನ್ನೆಲ್ಲ ಸೋಲಿಸುತ್ತಾನೆ; ದೇವತೆಗಳಿಗೂ ಅವನನ್ನು ಇಳಿಸಲಾಗುವುದಿಲ್ಲ. ಕೊನೆಗೆ ತನ್ನವರೇ ಬಂದು ಗುರುತು ಹಿಡಿದಾಗ ನಕ್ಕು ವೇಷ ಕಳಚಿ ಮತ್ತೆ ಆಳಾಗುತ್ತಾನೆ. ಈ ಕಥೆಯಲ್ಲಿ ಎರಡು ಅರ್ಥಗಳು ಒಟ್ಟಿಗೇ ಇವೆ: ಸಿಂಹಾಸನದ ಮೇಲೆ ಕುಳಿತವನು ಯಾರಾದರೂ ಆಗಬಹುದೆಂಬ ಚೇಷ್ಟೆ ಒಂದು, ಆಟ ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಸ್ಥಾನಕ್ಕೆ ಮರಳಲೇಬೇಕೆಂಬ ಸಮಾಧಾನ ಇನ್ನೊಂದು. ಮುಂದೆ ಟಿವಿಯಲ್ಲಿ ಬಂದ ವಿಡಂಬನೆಯು ಈ ಎರಡನ್ನೂ ಪಿತ್ರಾರ್ಜಿತವಾಗಿ ಪಡೆಯಿತು.

ವಿದೂಷಕನ ಬೆಲೆಯನ್ನು ಅಧಿಕಾರವೂ ಅರಿತಿತ್ತು. 1966ರ ಮಾರ್ಚ್ 11ರಂದು ಅಧ್ಯಕ್ಷ ಸುಕಾರ್ನೊ ಅವರಿಂದ ಜನರಲ್ ಸುಹಾರ್ತೊ ಅವರಿಗೆ ಅಧಿಕಾರ ದೊರಕಿಸಿಕೊಟ್ಟ ಆದೇಶಪತ್ರದ ಉದ್ದನೆಯ ಹೆಸರನ್ನು 'ಸೂಪರ್‌ಸೆಮಾರ್' ಎಂದು ಮೊಟಕುಗೊಳಿಸಲಾಯಿತು. ಜನರಿಗೆ ಪೂಜ್ಯನಾದ ಸೆಮಾರನ ಹೆಸರು ಹೊಸ ಆಳ್ವಿಕೆಯ ಜನ್ಮಪತ್ರಕ್ಕೆ ಅಂಟಿಕೊಂಡಿತು. 'ಹೊಸ ವ್ಯವಸ್ಥೆ' ಎಂದು ತನ್ನನ್ನು ಕರೆದುಕೊಂಡ ಆ ಆಳ್ವಿಕೆ ಕುಟುಂಬ ಯೋಜನೆ, ಪಂಚವಾರ್ಷಿಕ ಯೋಜನೆಗಳ ಪ್ರಚಾರಕ್ಕೆ ದಾಲಂಗರನ್ನು ಬಳಸಿಕೊಂಡಿತು. ಹೀಗೆ ಪರದೆಯ ಹಿಂದಿನ ವಿದೂಷಕ ಸರ್ಕಾರದ ಸಂದೇಶವನ್ನೂ ಒಪ್ಪಿಸಬೇಕಾಯಿತು.

ಟಿವಿಯ ಪರದೆಯಂತೂ ಪೂರ್ತಿಯಾಗಿ ಸರ್ಕಾರದ್ದೇ ಆಗಿತ್ತು. 1962ರ ಆಗಸ್ಟಿನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ನೇರಪ್ರಸಾರದೊಂದಿಗೆ ಆರಂಭವಾದ ಟಿವಿಆರ್‌ಐ ಎಂಬ ರಾಜ್ಯ ದೂರದರ್ಶನವು, 1976ರಲ್ಲಿ ಪಾಲಾಪಾ ಉಪಗ್ರಹದ ಉಡಾವಣೆಯ ತರುವಾಯ ಸಾವಿರಾರು ದ್ವೀಪಗಳಿಗೆ ಒಂದೇ ವಾರ್ತೆಯನ್ನು ತಲುಪಿಸತೊಡಗಿತು. 1989ರಿಂದ ಖಾಸಗಿ ವಾಹಿನಿಗಳು ಒಂದೊಂದಾಗಿ ಬಂದರೂ, ಅವು ನಿಗದಿತ ಸಮಯದಲ್ಲಿ ಟಿವಿಆರ್‌ಐ ವಾರ್ತೆಯನ್ನೇ ಮರುಪ್ರಸಾರ ಮಾಡಬೇಕಿತ್ತು. ಆ ವಾರ್ತೆಯ ರೂಪ ಬದಲಾಗುತ್ತಿರಲಿಲ್ಲ: ಅಧ್ಯಕ್ಷರು ಅಣೆಕಟ್ಟನ್ನು ಉದ್ಘಾಟಿಸುವುದು, ಆಯ್ದ ರೈತರ ಗುಂಪಿನೊಡನೆ ಬೆಳೆಯ ಬಗ್ಗೆ ಮಾತಾಡುವುದು, ಸಚಿವ ಸಂಪುಟದ ಸಭೆ ಮುಗಿದ ಮೇಲೆ ವಾರ್ತಾ ಸಚಿವರು ಬಂದು ನಿರ್ಣಯಗಳನ್ನು ಓದುವುದು. 1983ರಿಂದ 1997ರವರೆಗೆ ಆ ಸ್ಥಾನದಲ್ಲಿದ್ದ ಹಾರ್ಮೊಕೊ ಅವರ ಬಾಯಲ್ಲಿ 'ಅಧ್ಯಕ್ಷರ ಮಾರ್ಗದರ್ಶನದಂತೆ' ಎಂಬ ಮಾತು ಎಷ್ಟು ಸಲ ಬಂತೆಂದರೆ, ಕೊನೆಗೆ ಅದೊಂದು ಜನಪ್ರಿಯ ನಗೆಮಾತಾಯಿತು. ಹಾರ್ಮೊಕೊ ಎಂಬ ಹೆಸರಿನ ಅಕ್ಷರಗಳನ್ನೇ ಬಿಡಿಸಿ 'ದಿನದಿನವೂ ಬರೀ ಬೊಗಳೆ' ಎಂಬ ಅರ್ಥದ ಪದಗುಚ್ಛವನ್ನು ಜನ ಕಟ್ಟಿಕೊಂಡರು. ಹೀಗೆ ಮಾತನ್ನು ಬೇಕೆಂದೇ ಜಾರಿಸಿ ಇನ್ನೊಂದು ಅರ್ಥಕ್ಕೆ ಬೀಳಿಸುವ ಆಟಕ್ಕೆ 'ಪ್ಲೆಸೆತಾನ್' ಎಂದು ಹೆಸರು. ಯೋಗ್ಯಕರ್ತ ನಗರದ ವಿದ್ಯಾರ್ಥಿಗಳೂ ನಾಟಕದವರೂ ಇದನ್ನು ಒಂದು ಕಲೆಯಾಗಿಯೇ ಬೆಳೆಸಿದರು.

ಹರಟೆಕಟ್ಟೆಯಲ್ಲಿ ನಡೆಯುತ್ತಿದ್ದುದು ವೇದಿಕೆಗೆ ಬಂದಾಗ ಮಾತ್ರ ಕಾನೂನು ಎದುರಾಗುತ್ತಿತ್ತು. ಇಂಡೋನೇಷ್ಯಾದ ದಂಡಸಂಹಿತೆಯ 134ನೆಯ ಕಲಮು ಡಚ್ಚರ ವಸಾಹತು ಕಾಲದ್ದು. ಮೊದಲು ನೆದರ್ಲೆಂಡಿನ ಅರಸ ಅಥವಾ ಅರಸಿಯ ಮಾನವನ್ನು ಕಾಯುತ್ತಿದ್ದ ಅದರಲ್ಲಿ, ಸ್ವಾತಂತ್ರ್ಯಾನಂತರ 1946ರ ಕಾಯಿದೆಯು ಅರಸನ ಸ್ಥಾನಕ್ಕೆ ಅಧ್ಯಕ್ಷರನ್ನು ತಂದು ಕೂರಿಸಿತು. ಅಧ್ಯಕ್ಷರಿಗೆ ಅಪಮಾನ ಮಾಡಿದವರಿಗೆ ಆರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಇದರ ನೆರಳಿನಲ್ಲಿ ನಾಟಕಕಾರರು ಕಲ್ಪಿತ ರಾಜ್ಯಗಳ ಮೊರೆ ಹೋದರು. ನಾನೊ ರಿಯಾಂತಿಯಾರ್ನೊ ಅವರ ತೆಯಾತರ್ ಕೋಮ ತಂಡವು ಮುದಿ ಅರಸನೊಬ್ಬನ ಮಕ್ಕಳು ಸಿಂಹಾಸನಕ್ಕಾಗಿ ಹೊಡೆದಾಡುವ 'ಸುಕ್ಸೆಸಿ' ನಾಟಕವನ್ನು 1990ರಲ್ಲಿ ಜಕಾರ್ತದಲ್ಲಿ ಆಡುತ್ತಿದ್ದಾಗ ಪೊಲೀಸರು ಅದನ್ನು ನಿಲ್ಲಿಸಿದರು. ಆಗ ಸುಹಾರ್ತೊ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮಕ್ಕಳು ದೊಡ್ಡ ದೊಡ್ಡ ಉದ್ಯಮಗಳ ಒಡೆಯರು. ಕಲ್ಪಿತ ರಾಜ್ಯದ ವೇಷ ಯಾರ ಕಣ್ಣಿಗೂ ಮಣ್ಣೆರಚಲಿಲ್ಲ. 1994ರ ಜೂನ್ 21ರಂದು 'ತೆಂಪೊ', 'ಎಡಿಟರ್', 'ದೆತಿಕ್' ಪತ್ರಿಕೆಗಳ ಪರವಾನಗಿ ಒಂದೇ ದಿನ ರದ್ದಾಯಿತು. ಇಷ್ಟಾದರೂ ಆಳ್ವಿಕೆಯ ಕೊನೆಯ ದಿನಗಳಲ್ಲಿ ಯೋಗ್ಯಕರ್ತದ ನಟ ಬುತೆತ್ ಕರ್ತರೆಜಾಸ ಏಕಪಾತ್ರಾಭಿನಯದಲ್ಲಿ ಸುಹಾರ್ತೊ ಅವರ ದನಿಯನ್ನೇ ಅನುಕರಿಸಿ ಹೆಸರಾದರು. ಅಧ್ಯಕ್ಷರ ಮೆಲ್ಲನೆಯ ಮಾತು, ಪದದ ಕೊನೆಯನ್ನು ಎಳೆಯುವ ರೀತಿ ಇವನ್ನು ಮೂವತ್ತು ವರ್ಷ ವಾರ್ತೆಯಲ್ಲಿ ಕೇಳಿದ್ದ ಪ್ರೇಕ್ಷಕರಿಗೆ ಬೇರೆ ಸಂಭಾಷಣೆ ಬೇಕಿರಲಿಲ್ಲ. ಆ ದನಿ ಅಧ್ಯಕ್ಷರದಲ್ಲದ ಬಾಯಿಂದ ಬಂದದ್ದೇ ಸಾಕಾಗಿತ್ತು.

1998ರ ಮೇ 21ರಂದು ಸುಹಾರ್ತೊ ರಾಜೀನಾಮೆ ಕೊಟ್ಟ ಬಳಿಕ ಕೆಲವೇ ವರ್ಷಗಳಲ್ಲಿ ಹಳೆಯ ಕಟ್ಟುಗಳು ಸಡಿಲಗೊಂಡವು. 1999ರ ಪತ್ರಿಕಾ ಕಾಯಿದೆಯು ಪರವಾನಗಿ ರದ್ದತಿಯ ಅಸ್ತ್ರವನ್ನು ಕಿತ್ತುಕೊಂಡಿತು. ಅದೇ ವರ್ಷ ಅಧ್ಯಕ್ಷರಾದ ಅಬ್ದುರ್ರಹ್ಮಾನ್ ವಾಹಿದ್ ವಾರ್ತಾ ಸಚಿವಾಲಯವನ್ನೇ ಮುಚ್ಚಿದರು. ಗುಸ್ ದುರ್ ಎಂದೇ ಜನಪ್ರಿಯರಾಗಿದ್ದ ಈ ಧಾರ್ಮಿಕ ಮುಖಂಡರು ಸ್ವತಃ ನಗೆಹನಿಗಳ ಭಂಡಾರವಾಗಿದ್ದು, ಸೋವಿಯತ್ ಕಾಲದ ರಾಜಕೀಯ ಹಾಸ್ಯದ ಸಂಗ್ರಹವೊಂದಕ್ಕೆ 1986ರಲ್ಲೇ ಮುನ್ನುಡಿ ಬರೆದಿದ್ದರು. 2000ದ ನವೆಂಬರಿನಲ್ಲಿ ಮೆಟ್ರೋ ಟಿವಿ ದೇಶದ ಮೊದಲ ಸುದ್ದಿವಾಹಿನಿಯಾಗಿ ಪ್ರಸಾರ ಆರಂಭಿಸಿತು. 2002ರ ಪ್ರಸಾರ ಕಾಯಿದೆ ಸ್ವತಂತ್ರ ಪ್ರಸಾರ ಆಯೋಗವನ್ನು ರಚಿಸಿತು. ಆದರೆ 134ನೆಯ ಕಲಮು ಇದ್ದಲ್ಲೇ ಇತ್ತು. 2003ರ ಆರಂಭದಲ್ಲಿ ಇಂಧನದ ಬೆಲೆ ಏರಿದಾಗ, ಅಧ್ಯಕ್ಷೆ ಮೆಗಾವತಿ ಅವರ ಬಾಯಿ ಡೀಸೆಲ್ ನಾರುತ್ತದೆ ಎಂಬರ್ಥದ ತಲೆಬರಹ ಕೊಟ್ಟ 'ರಕ್ಯಾತ್ ಮೆರ್ದೆಕಾ' ಪತ್ರಿಕೆಯ ಸಂಪಾದಕರೊಬ್ಬರಿಗೆ ನ್ಯಾಯಾಲಯವು ಆರು ತಿಂಗಳ ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ಸುಧಾರಣೆಯ ಕಾಲದಲ್ಲೂ ನಗು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಕನಸಿನ ಗಣರಾಜ್ಯ ಹುಟ್ಟಿದ್ದೂ ಇಂಧನದ ಬೆಲೆಯೇರಿಕೆಯ ಹಿನ್ನೆಲೆಯಲ್ಲೇ. ಮೊದಲ ಬಾರಿಗೆ ಜನರಿಂದ ನೇರವಾಗಿ ಚುನಾಯಿತರಾಗಿ 2004ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಸುಸಿಲೊ ಬಂಬಾಂಗ್ ಯುಧೊಯೊನೊ ಅವರ ಸರ್ಕಾರವು 2005ರ ಅಕ್ಟೋಬರ್ 1ರಂದು ಲೀಟರ್ ಪೆಟ್ರೋಲಿನ ಬೆಲೆಯನ್ನು 2,400 ರೂಪಿಯಾದಿಂದ 4,500ಕ್ಕೂ, ಬಡವರ ಒಲೆಯ ಸೀಮೆಎಣ್ಣೆಯನ್ನು 700ರಿಂದ 2,000ಕ್ಕೂ ಏರಿಸಿತು. ಇಂಧನಕ್ಕೆ ಅಲ್ಲಿನ ಜನ ಬಳಸುವ ಸಂಕ್ಷಿಪ್ತ ಹೆಸರು ಬಿಬಿಎಂ. ಇಂಡೋಸಿಯಾರ್ ವಾಹಿನಿಯಲ್ಲಿ ಬಂದ 'ರಿಪಬ್ಲಿಕ್ ಬಿಬಿಎಂ' ಎಂಬ ಹಾಸ್ಯ ಕಾರ್ಯಕ್ರಮವು ಆ ಮೂರು ಅಕ್ಷರಗಳನ್ನೇ ದೇಶದ ಹೆಸರಾಗಿಸಿ, ಅವಕ್ಕೆ ತನ್ನದೇ ವಿನೋದದ ವಿಸ್ತರಣೆ ಕೊಟ್ಟಿತು. ಇದರ ಹಿಂದಿದ್ದವರು ಇಂಡೋನೇಷ್ಯಾ ವಿಶ್ವವಿದ್ಯಾಲಯದ ಸಂವಹನಶಾಸ್ತ್ರದ ಅಧ್ಯಾಪಕ ಎಫೆಂದಿ ಗಜಾಲಿ. ಸಂವಹನಶಾಸ್ತ್ರದ ವಿದ್ವಾಂಸರೊಬ್ಬರು ತಾವೇ ಅಧ್ಯಕ್ಷರ ಸಲಹೆಗಾರನ ಪಾತ್ರ ವಹಿಸಿ ಟಿವಿ ಹಾಸ್ಯಕ್ಕಿಳಿದದ್ದು ಈ ಪ್ರಯೋಗದ ವಿಶೇಷ; ವಿಡಂಬನೆಯು ರಾಜಕೀಯ ಶಿಕ್ಷಣದ ಒಂದು ಬಗೆ ಎಂಬುದು ಅವರ ನಿಲುವಾಗಿತ್ತು. ಆ ಕಾರ್ಯಕ್ರಮ ನಿಂತ ಮೇಲೆ ಅದೇ ಕಲ್ಪನೆ ಮೆಟ್ರೋ ಟಿವಿಗೆ ಬಂದು ರಿಪಬ್ಲಿಕ್ ಮಿಂಪಿಯ ರೂಪ ತಾಳಿತು.

ಈ ಗಣರಾಜ್ಯದ ಹೆಸರುಗಳನ್ನು ಹತ್ತಿರದಿಂದ ನೋಡಿದರೆ ಪ್ಲೆಸೆತಾನಿನ ಕೈಚಳಕ ತಿಳಿಯುತ್ತದೆ. ಇಂಡೋನೇಷ್ಯಾದಲ್ಲಿ ಅಧ್ಯಕ್ಷ ಯುಧೊಯೊನೊ ಅವರನ್ನು ಎಸ್‌ಬಿವೈ ಎಂದೂ ಉಪಾಧ್ಯಕ್ಷ ಯುಸುಫ್ ಕಲ್ಲಾ ಅವರನ್ನು ಜೆಕೆ ಎಂದೂ ಕರೆಯುವುದು ರೂಢಿ. ಕನಸಿನ ದೇಶದ ಅಧ್ಯಕ್ಷರೂ ಎಸ್‌ಬಿವೈಯೇ, ಆದರೆ ಅದರ ವಿಸ್ತರಣೆ 'ಸಿ ಬುತೆತ್ ಯೋಗ್ಯ', ಅಂದರೆ ಯೋಗ್ಯಕರ್ತದ ಬುತೆತ್. ಹಿಂದೆ ಸುಹಾರ್ತೊ ಅವರ ದನಿ ತೆಗೆದ ನಟನೇ ಈಗ ಹೊಸ ಅಧ್ಯಕ್ಷರ ಅಳೆದು ತೂಗಿದ ಮಾತಿನ ಧಾಟಿಯನ್ನು ಮೈಗೂಡಿಸಿಕೊಂಡಿದ್ದರು. ಉಪಾಧ್ಯಕ್ಷ ಜೆಕೆ ಎಂದರೆ ಹಾಸ್ಯನಟ ಜಾರ್ವೊ ಕ್ವಾತ್, ತಮ್ಮ ಹೆಸರಿನ ಮೊದಲಕ್ಷರಗಳೊಂದಿಗೆ. ಮಾಜಿಗಳಲ್ಲಿ ಸುಹಾರ್ತೊ ಸುಹಾರ್ತ ಆಗಿದ್ದರು, ಹಬೀಬಿ ಹಬೂದಿ, ಗುಸ್ ದುರ್ ಗುಸ್ ಪುರ್, ಮೆಗಾವತಿ ಮೆಗಾಕಾರ್ತಿ. ಕಾನೂನಿನ ಮುಂದೆ ನಿಲ್ಲಿಸಿದರೆ ಇವರಲ್ಲಿ ಯಾರೂ ನಿಜವಾದ ವ್ಯಕ್ತಿಗಳಲ್ಲ. ಆದರೆ ಒಂದೆರಡು ಅಕ್ಷರದ ವ್ಯತ್ಯಾಸದ ಆಚೆಗಿರುವವರು ಯಾರೆಂದು ತಿಳಿಯದ ವೀಕ್ಷಕನೂ ಇರಲಿಲ್ಲ.

ಇದಕ್ಕಿಂತ ಆಳವಾದ ವಿಡಂಬನೆ ಈ ಮಾಜಿಗಳ ಸಹವಾಸದಲ್ಲಿತ್ತು. ವಾಸ್ತವದ ಇಂಡೋನೇಷ್ಯಾದಲ್ಲಿ 2004ರ ಸೋಲಿನ ಬಳಿಕ ಮೆಗಾವತಿ ಅವರು ಯುಧೊಯೊನೊ ಅವರ ಪ್ರಮಾಣವಚನಕ್ಕೂ ಹೋಗಿರಲಿಲ್ಲ. 2001ರಲ್ಲಿ ಪದಚ್ಯುತರಾದ ಗುಸ್ ದುರ್ ಅವರಿಗೂ ಅವರ ಸ್ಥಾನಕ್ಕೆ ಬಂದ ಮೆಗಾವತಿ ಅವರಿಗೂ ನಡುವೆ ಹಳಸಿದ ಸಂಬಂಧ ಸರಿಹೋಗಿರಲಿಲ್ಲ. 2008ರ ಜನವರಿಯಲ್ಲಿ ತೀರಿಕೊಂಡ ಸುಹಾರ್ತೊ ಅನಾರೋಗ್ಯದ ಕಾರಣದಿಂದ ವಿಚಾರಣೆಯನ್ನೇ ಎದುರಿಸದೆ ಮನೆಯಲ್ಲಿದ್ದರು. ಕನಸಿನ ಗಣರಾಜ್ಯದಲ್ಲಾದರೋ ಅಧಿಕಾರ ಬಿಟ್ಟವರೂ ಹಿಡಿದವರೂ ಒಂದೇ ಸಭಾಂಗಣದಲ್ಲಿ ಕುಳಿತು, ಒಬ್ಬರನ್ನೊಬ್ಬರು ಕೆಣಕುತ್ತ, ಪ್ರೇಕ್ಷಕರ ಪ್ರಶ್ನೆಗೆ ಉತ್ತರಿಸುತ್ತಿದ್ದರು. ಅಣಕು ದೇಶವು ನಿಜವಾದ ದೇಶಕ್ಕಿಂತ ಹೆಚ್ಚು ನಾಗರಿಕವಾಗಿ ಕಂಡದ್ದೇ ಅದರ ಮೊನಚಾದ ಟೀಕೆ.

ಇದೇ ಹೊತ್ತಿಗೆ ಕಾನೂನಿನ ಕಡೆಯಿಂದಲೂ ದೊಡ್ಡ ಬದಲಾವಣೆಯೊಂದು ಬಂತು. 2006ರ ಡಿಸೆಂಬರಿನಲ್ಲಿ ಸಾಂವಿಧಾನಿಕ ನ್ಯಾಯಾಲಯವು 134ನೆಯ ಕಲಮನ್ನೂ ಅದಕ್ಕೆ ಹೊಂದಿದ ಇನ್ನೆರಡನ್ನೂ ರದ್ದುಪಡಿಸಿತು. ಕಾನೂನಿನೆದುರು ಎಲ್ಲರೂ ಸಮಾನರೆಂಬ ತತ್ತ್ವಕ್ಕೆ ಅವು ವಿರುದ್ಧ, ಅಪಮಾನ ಯಾವುದು ಟೀಕೆ ಯಾವುದು ಎಂಬುದು ಅಧಿಕಾರಿಗಳ ಮರ್ಜಿಗೆ ಬಿಟ್ಟಂತಾಗಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬುದು ತೀರ್ಪಿನ ಸಾರ. ಕೆಲವೇ ತಿಂಗಳಲ್ಲಿ, 2007ರ ಆರಂಭದಲ್ಲಿ, ಸಂಪರ್ಕ ಮತ್ತು ಮಾಹಿತಿ ಸಚಿವ ಸೊಫ್ಯಾನ್ ಜಲೀಲ್ ಅವರು ಅಧ್ಯಕ್ಷ ಸ್ಥಾನದ ಘನತೆಗೆ ಕುಂದು ತರುತ್ತಿದೆಯೆಂದು ರಿಪಬ್ಲಿಕ್ ಮಿಂಪಿಯ ಮೇಲೆ 'ಸೊಮಾಸಿ' ಹೊರಡಿಸುವ ಮಾತಾಡಿದರು. ಮೊಕದ್ದಮೆಗೆ ಮೊದಲು ಕೊಡುವ ಕಾನೂನು ಎಚ್ಚರಿಕೆಯ ನೋಟಿಸಿಗೆ ಈ ಹೆಸರು. ಗುಸ್ ದುರ್ ಮುಚ್ಚಿದ ವಾರ್ತಾ ಸಚಿವಾಲಯದ ಕೆಲಸವನ್ನು 2001ರಿಂದೀಚೆಗೆ ಬೇರೆ ಹೆಸರಿನಲ್ಲಿ ವಹಿಸಿಕೊಂಡಿದ್ದ ಇಲಾಖೆಯಿಂದಲೇ ಈ ಮಾತು ಬಂದದ್ದು ಗಮನಾರ್ಹ. ಪತ್ರಿಕೆಗಳಿಂದ ಕಟು ಟೀಕೆ ಬಂದಿತು, ನೋಟಿಸಿನ ಮಾತು ತಣ್ಣಗಾಯಿತು, ಕಾರ್ಯಕ್ರಮ ಮುಂದುವರಿಯಿತು. 1990ರ ಕಲ್ಪಿತ ರಾಜ್ಯವನ್ನು ಪೊಲೀಸರು ಮುಚ್ಚಿಸಿದ್ದರು. 2007ರ ಕಲ್ಪಿತ ಗಣರಾಜ್ಯವನ್ನು ಸಚಿವರಿಗೂ ಮುಚ್ಚಿಸಲಾಗಲಿಲ್ಲ. ಎರಡರ ನಡುವೆ ಹಾಸ್ಯಗಾರರ ಧೈರ್ಯ ಹೆಚ್ಚಿತೆನ್ನುವುದಕ್ಕಿಂತ ಸರ್ಕಾರದ ಕೈಯಲ್ಲಿದ್ದ ಸಾಧನಗಳು ಕಡಿಮೆಯಾದವು ಎನ್ನುವುದೇ ಸರಿ.

ಈ ವಿಡಂಬನೆಗೆ ತನ್ನವೇ ಮಿತಿಗಳೂ ಇದ್ದವು. ನಗುವಿನ ಹೆಚ್ಚಿನ ಪಾಲು ಆಳುವವರ ದನಿ, ನಡೆ, ಉಡುಪುಗಳ ಅನುಕರಣೆಯ ಮೇಲೆ ನಿಂತಿತ್ತು. ಬೆಲೆಯೇರಿಕೆಯಂಥ ನೀತಿಯ ಲೆಕ್ಕಾಚಾರಕ್ಕಿಂತ ಅದನ್ನು ಪ್ರಕಟಿಸಿದವರ ಹಾವಭಾವವೇ ನೆನಪಿನಲ್ಲಿ ಉಳಿಯುತ್ತಿತ್ತು. ಹಾಸ್ಯದ ಭಾಷೆ, ಒಗಟು, ಪದಗಳ ಜಾರಾಟ ಬಹುಮಟ್ಟಿಗೆ ಜಾವಾದವು. ಪ್ರಸಾರ ಮಾಡುತ್ತಿದ್ದ ವಾಹಿನಿಯ ಒಡೆಯ ಸೂರ್ಯ ಪಾಲೊ ಸ್ವತಃ ರಾಜಕಾರಣಿಯಾಗಿದ್ದು, 2011ರಲ್ಲಿ ತಮ್ಮದೇ ಪಕ್ಷ ಸ್ಥಾಪಿಸಿದರು. ಸರ್ಕಾರದ ಹಿಡಿತದಿಂದ ಬಿಡಿಸಿಕೊಂಡ ಟಿವಿ ಉದ್ಯಮಿ-ರಾಜಕಾರಣಿಗಳ ಕೈಸೇರಿದ ಕಾಲದಲ್ಲಿ ಯಾರನ್ನು ಕಂಡು ಎಷ್ಟು ನಗಬಹುದೆಂಬ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. 2010ರಿಂದ ಅದೇ ವಾಹಿನಿಯಲ್ಲಿ ಬಂದ 'ಸೆಂತಿಲಾನ್ ಸೆಂತಿಲುನ್' ಎಂಬ ಕಾರ್ಯಕ್ರಮವು ಗಣರಾಜ್ಯದ ವೇಷವನ್ನೂ ಬಿಟ್ಟು ಹಳೆಯ ಜೋಡಿಗೇ ಮರಳಿತು: ಸ್ಲಾಮೆತ್ ರಹಾರ್ಜೊ ಅವರ ಗತ್ತಿನ ಯಜಮಾನ, ಬುತೆತ್ ಅವರ ತಲೆಹರಟೆ ಆಳು. ಅಧ್ಯಕ್ಷನಾಗಿ ಮೆರೆದ ಪೆತ್ರುಕ್ ವೇಷ ಕಳಚಿ ಮತ್ತೆ ಯಜಮಾನನ ಜಗಲಿಯಲ್ಲಿ ಕುಳಿತ.

ನಂತರದ ಬೆಳವಣಿಗೆಗಳು ಕಾನೂನಿನ ಎಳೆಯನ್ನು ಮತ್ತೆ ಮುನ್ನೆಲೆಗೆ ತಂದವು. 2022ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಸಂಸತ್ತು ಡಚ್ ಮೂಲದ ದಂಡಸಂಹಿತೆಯ ಬದಲಿಗೆ ದೇಶದ ಸ್ವಂತ ದಂಡಸಂಹಿತೆಯನ್ನು ಅಂಗೀಕರಿಸಿತು. ಆದರೆ ವಸಾಹತಿನ ಕಾನೂನೆಂದು ಸಾಂವಿಧಾನಿಕ ನ್ಯಾಯಾಲಯ ಕಿತ್ತುಹಾಕಿದ್ದ ಅಧ್ಯಕ್ಷರ ಅಪಮಾನದ ಅಪರಾಧ 218ನೆಯ ಕಲಮಾಗಿ ಅದರಲ್ಲಿ ಮರಳಿ ಸೇರಿತ್ತು. ಮುಂದಿನ ವರ್ಷದ ಡಿಸೆಂಬರಿನಲ್ಲಿ, ಜಕಾರ್ತದ ತಾಮಾನ್ ಇಸ್ಮಾಯಿಲ್ ಮರ್ಜುಕಿ ರಂಗಮಂದಿರದಲ್ಲಿ ನಾಟಕವೊಂದರ ಪ್ರದರ್ಶನಕ್ಕೆ ಮುಂಚೆ ರಾಜಕೀಯ ವಿಷಯ ಆಡುವುದಿಲ್ಲವೆಂಬ ಬರಹಕ್ಕೆ ತಮ್ಮಿಂದ ಸಹಿ ಪಡೆಯಲಾಯಿತೆಂದು ಬುತೆತ್ ಬಹಿರಂಗವಾಗಿ ಹೇಳಿದರು. ಯಾವ ಒತ್ತಡವನ್ನೂ ಹಾಕಿಲ್ಲವೆಂದು ಪೊಲೀಸರು ನಿರಾಕರಿಸಿದರು.

ಪೆತ್ರುಕನ ಕಥೆಯಿಂದ ರಿಪಬ್ಲಿಕ್ ಮಿಂಪಿಯವರೆಗೆ ಜಾವಾದ ಜನರಲ್ಲಿ ಆಳುವವರನ್ನು ಕಂಡು ನಗುವ ಕಲೆಗೆ ಎಂದೂ ಕೊರತೆಯಾಗಿರಲಿಲ್ಲ. ಕಲ್ಪಿತ ದೇಶವೂ ಅವರಿಗೆ ಬೇಕೆಂದಾಗ ಸಿಗುತ್ತಿತ್ತು. ಅದನ್ನು ಟಿವಿಯಲ್ಲಿ, ಇಡೀ ದೇಶದ ಮುಂದೆ, ಸೆರೆಮನೆಯ ಭಯವಿಲ್ಲದೆ ಆಡಲು ಸಾಧ್ಯವಾದ ಅವಧಿ ಮಾತ್ರ ಒಂದು ಪತ್ರಿಕಾ ಕಾಯಿದೆ, ಒಂದು ಸಚಿವಾಲಯದ ಮುಚ್ಚುವಿಕೆ ಮತ್ತು ಒಂದು ನ್ಯಾಯಾಲಯದ ತೀರ್ಪಿನಿಂದ ದೊರೆತದ್ದು. ಹೊಸ ದಂಡಸಂಹಿತೆಯ ಪ್ರಕಾರ ಅಧ್ಯಕ್ಷರ ಮಾನಕ್ಕೆ ಕುಂದು ತಂದರೆ ಮೂರು ವರ್ಷಗಳವರೆಗೆ ಸೆರೆವಾಸ ಸಾಧ್ಯ. ದೂರು ಅಧ್ಯಕ್ಷರ ಕಡೆಯಿಂದಲೇ ಬರಬೇಕು, ಸಾರ್ವಜನಿಕ ಹಿತಕ್ಕಾಗಿ ಆಡಿದ ಮಾತು ಅಪರಾಧವಲ್ಲ ಎಂಬ ರಿಯಾಯಿತಿಗಳಿವೆ. ಅದು ಜಾರಿಗೆ ಬರುವ ದಿನವೆಂದು ಕಾಯಿದೆಯೇ ಗೊತ್ತುಪಡಿಸಿದ್ದು 2026ರ ಜನವರಿ 2.